ಗಿಳಿ ಕೂರದ ಪೊಟರೆ

ಬಹಳ ಬಹಳ ಹಿಂದೆ, ಅರಮನೆಯ ಗೋಪುರ ಮರದ ತುದಿಗಿಂತ ಎತ್ತರ ಇರಬಾರದು ಎಂಬ ಕಟ್ಟಳೆಯಿದ್ದ ಕಾಲದಲ್ಲಿ, ಆಲಗಿರಿ ಎಂಬ ಒಂದು ರಾಜ್ಯವಿತ್ತು. ಅದು ಎಲ್ಲಿತ್ತು ಎಂದು ಮಾತ್ರ ಕೇಳಬೇಡಿ. ದಾರಿ ಗೊತ್ತಿದ್ದರೆ ನಾನು ಅಲ್ಲಿಗೇ ಹೋಗಿ ಸುಖವಾಗಿರುತ್ತಿದ್ದೆ, ನಿಮ್ಮ ಮುಂದೆ ಕೂತು ಬಾಯಿ ಒಣಗಿಸಿಕೊಳ್ಳುತ್ತಿರಲಿಲ್ಲ.

ಆಲಗಿರಿಯಲ್ಲಿ ಮನುಷ್ಯರಿಗಿಂತ ಗಿಳಿಗಳೇ ಹೆಚ್ಚು. ಬೆಳಗಾದರೆ ಹಿಂಡು ಹಿಂಡಾಗಿ ಕಿರುಚುತ್ತ ಹೊಲಕ್ಕಿಳಿಯುತ್ತಿದ್ದವು, ಸಂಜೆಯಾದರೆ ಕಿರುಚುತ್ತ ಮರಕ್ಕೆ ಮರಳುತ್ತಿದ್ದವು. ತೆನೆ ತಿಂದವು ಎಂದು ರೈತರು ಬಾಯಿತುಂಬ ಬೈಯುತ್ತಿದ್ದರು. ಬೈದವರೇ ಹೊಲದ ಅಂಚಿನಲ್ಲಿ ಒಂದು ಸಾಲು ಜೋಳವನ್ನು ಅವುಗಳಿಗೆಂದು ಕೊಯ್ಯದೆ ಬಿಡುತ್ತಿದ್ದರು. ಗಿಳಿಗೆ ಗೂಡು ಕಟ್ಟಲು ಬರುವುದಿಲ್ಲ ನೋಡಿ. ಮರಕುಟಿಗ ಕೊರೆದು ಬಿಟ್ಟುಹೋದ ಪೊಟರೆಯನ್ನು ಹುಡುಕಿ, ಅದರ ಬಾಯಿಯನ್ನು ಕೊಕ್ಕಿನಿಂದ ಅಗಲ ಮಾಡಿಕೊಂಡು ಒಳಗೆ ಸೇರುತ್ತದೆ. ಹುಲ್ಲು ಬೇಡ, ಹತ್ತಿ ಬೇಡ, ಬರೀ ಮರದ ಹುಡಿಯ ಮೇಲೆ ಮೊಟ್ಟೆ ಇಡುತ್ತದೆ. ಅದಕ್ಕೇ ಆಲಗಿರಿಯಲ್ಲಿ ಒಂದು ಪದ್ಧತಿ: ಯಾವ ಮರ ಕಡಿಯುವುದಾದರೂ ಮೊದಲು ತಟ್ಟಿ ನೋಡಬೇಕು.

ತಟ್ಟುವುದಕ್ಕೆಂದೇ ಒಂದು ಮನೆತನವಿತ್ತು. ಹುಣಸೆ ಮರದ ಕೊಡತಿಯಿಂದ ಕಾಂಡಕ್ಕೆ ಮೂರು ಪೆಟ್ಟು ಕೊಟ್ಟು, ಕಿವಿಯಿಟ್ಟು ಕೇಳುವುದು. ಗಟ್ಟಿ ಮರ 'ಟಕ್' ಎನ್ನುತ್ತದೆ. ಖಾಲಿ ಪೊಟರೆಯ ಮರ 'ಬೋಂ' ಎನ್ನುತ್ತದೆ. ಒಳಗೆ ಜೀವ ಇದ್ದರೆ 'ಡಬ್' ಎನ್ನುತ್ತದೆ, ಉಂಡವರ ಹೊಟ್ಟೆಯ ಹಾಗೆ. 'ಡಬ್' ಎಂದ ಮರಕ್ಕೆ ಸುಣ್ಣದ ಪಟ್ಟೆ ಬಳಿದು ಬರುತ್ತಿದ್ದರು. ಮರಿ ಹಾರಿಹೋಗುವ ತನಕ ಮಹಾರಾಜನೇ ಬಂದು ಕೇಳಿದರೂ ಆ ಮರಕ್ಕೆ ಕೊಡಲಿ ಬೀಳುವಂತಿರಲಿಲ್ಲ.

ಆ ಮನೆತನದಲ್ಲಿ ಆಗ ಉಳಿದಿದ್ದವರು ಇಬ್ಬರೇ. ತಾಯಿ ಹೊಂಬಾಳಮ್ಮ, ಮಗಳು ಮುದ್ದೀರಿ. ಮುದ್ದೀರಿಗೆ ಇಪ್ಪತ್ತೆರಡು ವರ್ಷ. ಮದುವೆ ಮಾತೆತ್ತಿದರೆ "ಮರ ಹತ್ತೋಕೆ ಬರೋ ಗಂಡು ತನ್ನಿ" ಎನ್ನುತ್ತಿದ್ದಳು, ಬಂದವರೆಲ್ಲ ಮೂರನೆಯ ಕೊಂಬೆಯಲ್ಲೇ ಬೆವರುತ್ತಿದ್ದರು. ತಾಯಿ ಮಗಳಲ್ಲಿ ಒಬ್ಬರು ಮೇಲೆ ಹತ್ತಿದರೆ ಇನ್ನೊಬ್ಬರು ಬುಡದಲ್ಲಿ ನಿಲ್ಲುವರು. ಕೂಗಿದರೆ ಹಕ್ಕಿ ಬೆದರುತ್ತದಲ್ಲ, ಅದಕ್ಕೆ ಅವರ ಮಾತೆಲ್ಲ ಕೊಡತಿಯಲ್ಲೇ. ಕಾಂಡಕ್ಕೆ ಎರಡು ಸಲ ಮೆಲ್ಲಗೆ ತಟ್ಟಿದರೆ 'ಇದ್ದೀನಿ, ಹೆದರಬೇಡ' ಎಂದರ್ಥ. ಮುದ್ದೀರಿ ಐದು ವರ್ಷದವಳಾಗಿ ಮೊದಲ ಸಲ ಮರ ಹತ್ತಿದ ದಿನದಿಂದ ಬುಡದಲ್ಲಿ ಆ ಎರಡು ಪೆಟ್ಟು ಬೀಳದೆ ಇದ್ದದ್ದೇ ಇಲ್ಲ.

ಇಡೀ ರಾಜ್ಯದಲ್ಲಿ ಅವರಿಗೆ ಒಂದೇ ಒಂದು ಪೊಟರೆ ಒಗಟಾಗಿತ್ತು. ಅರಮನೆಯ ಹಿಂದೆ ಒಂದು ಹಳೆಯ ಇಪ್ಪೆ ಮರ, ಅದರ ನೆತ್ತಿಯಲ್ಲಿ ಒಳ್ಳೆಯ ಗುಂಡನೆಯ ಪೊಟರೆ. ಹನ್ನೊಂದು ವರ್ಷದಿಂದ ಅದರಲ್ಲಿ ಒಂದು ಗಿಳಿಯೂ ಕೂತಿರಲಿಲ್ಲ. ಹೆಣ್ಣು ಗಿಳಿ ಬರುವುದು, ತಲೆ ಒಳಗಿಡುವುದು, ಬೆಂಕಿ ಮುಟ್ಟಿದ ಹಾಗೆ ಹಿಂದೆ ಹಾರುವುದು. "ಮನೆ ಚೆನ್ನಾಗಿದ್ದೂ ಯಾರೂ ಬಾಡಿಗೆಗೆ ಬರ್ತಿಲ್ಲ ಅಂದ್ರೆ ಒಳಗೆ ಏನೋ ಇದೆ ಕಣೇ" ಎಂದು ಹೊಂಬಾಳಮ್ಮ ಹೇಳುತ್ತಿದ್ದಳು. ತಟ್ಟಿದರೆ ಮಾತ್ರ 'ಬೋಂ'. ಏನೂ ಇಲ್ಲ.

ಹೀಗಿರುವಾಗ ಕಪ್ಪುಬೆಟ್ಟದಲ್ಲಿ ಹನ್ನೊಂದು ವರ್ಷ ಕಣ್ಣುಮುಚ್ಚಿ ಕೂತಿದ್ದ ಧೂಮಕರ್ಣ ಎಂಬ ಮಾಂತ್ರಿಕ, ಆ ವರ್ಷದ ದಸರೆ ಕಳೆದ ಮೇಲೆ ಎದ್ದು ಕೆಳಗಿಳಿದ. ಅವನು ಬೆರಳೆತ್ತಿದರೆ ನೆಲದ ಮೇಲೆ ನಿಂತ ಮನುಷ್ಯರ ಪಾದ ಬೇರಾಗುತ್ತಿತ್ತು, ಮೈ ಕಾಂಡವಾಗುತ್ತಿತ್ತು. ಕಣ್ಣು ಮಿಟುಕಿಸುವುದರೊಳಗೆ ಒಂದು ಬೋಳು ಮರ. ಆ ಮರಗಳನ್ನೆಲ್ಲ ಕಿತ್ತು ತನ್ನ ಕೋಟೆಯ ಅಂಗಳದಲ್ಲಿ ನೆಟ್ಟುಕೊಳ್ಳುತ್ತಿದ್ದ. "ನನಗೊಂದು ಕಾಡು ಬೇಕು. ಎದುರು ಮಾತಾಡದ ಕಾಡು. ಯುಗಾದಿಯೊಳಗೆ ಇವೆಲ್ಲ ಚಿಗುರುತ್ತವೆ. ಒಮ್ಮೆ ಮೈತುಂಬ ಚಿಗುರಿದರೆ ಬ್ರಹ್ಮ ಬಂದರೂ ಇವರು ಮತ್ತೆ ಮನುಷ್ಯರಾಗಲಾರರು," ಎಂದು ಸಾರಿದ.

ಪುಷ್ಯ ಮಾಸದಲ್ಲಿ ಅವನು ಕೋಟೆಯ ಬಾಗಿಲಿಗೆಂದು ಒಂದು ಹೊನ್ನೆ ಮರ ಕಡಿಸಲು ಬಂದ. ಹೊಂಬಾಳಮ್ಮ ಅಡ್ಡ ನಿಂತು ತಟ್ಟಿದಳು. 'ಡಬ್.' ಅವಳು ಸುಣ್ಣದ ಕುಡಿಕೆಗೆ ಕೈ ಹಾಕಿದಳು.

"ಗಿಳಿ ಮನೆ ಹೊಕ್ಕಿದೆ ಸ್ವಾಮಿ. ಮರಿ ಹಾರಲಿ, ಆಮೇಲೆ ಬನ್ನಿ."

"ನಾನು ಯಾರು ಗೊತ್ತೇನೇ?"

"ಗೊತ್ತು. ಗಿಳಿಗೆ ಗೊತ್ತಿಲ್ಲವಲ್ಲ," ಎಂದು ಅವಳು ಪಟ್ಟೆ ಬಳಿದಳು.

ಧೂಮಕರ್ಣ ಬೆರಳೆತ್ತಿದ. ಸುಣ್ಣದ ಕುಡಿಕೆ ನೆಲಕ್ಕೆ ಬಿತ್ತು. ಮರದ ಮೇಲಿದ್ದ ಮುದ್ದೀರಿ ಅದನ್ನೆಲ್ಲ ಕಣ್ಣಾರೆ ಕಂಡಳು. ಅವಳ ಪಾದ ನೆಲದ ಮೇಲಿರಲಿಲ್ಲ, ಅದಕ್ಕೇ ಉಳಿದಳು. ಕೆಳಗಿಳಿದು ಬರುವಷ್ಟರಲ್ಲಿ ಮಾಂತ್ರಿಕನೂ ಇಲ್ಲ, ಅವ್ವನೂ ಇಲ್ಲ. ಕಡಿಯಲು ಬಂದ ಆಳುಗಳೂ ಹೆದರಿ ಓಡಿದ್ದರು, ಹೊನ್ನೆ ಮರ ಉಳಿಯಿತು. ಅವಳು ಆ ಕುಡಿಕೆ ಹಿಡಿದುಕೊಂಡು ಸೂರ್ಯ ಮುಳುಗುವ ತನಕ ಅತ್ತಳು.

ಎಂಟು ದಿನ ಕಳೆದವು. ಮುದ್ದೀರಿ ಆಸ್ಥಾನದಲ್ಲಿ ಮೊರೆಯಿಡುತ್ತಿದ್ದಾಗ, ಪಂಜರದಲ್ಲಿ ಗಿಳಿಯನ್ನಿಟ್ಟುಕೊಂಡ ಒಬ್ಬ ಶಕುನದವನು ಅಲ್ಲಿಗೆ ಬಂದ. ಹಿತ್ತಾಳೆಯ ಪಂಜರ, ಒಂದು ಕಡ್ಡಿ ಮುರಿದಿತ್ತು. ಒಳಗಿದ್ದ ಗಿಳಿ ರೆಪ್ಪೆ ಬಡಿಯುತ್ತಿರಲಿಲ್ಲ.

"ಮಹಾರಾಜಾ, ಧೂಮಕರ್ಣನಿಗೆ ಸಾವಿಲ್ಲ ಅಂತ ಯಾಕೆ ಕೊರಗುತ್ತೀರಿ? ಅವನ ಪ್ರಾಣ ನಿಮ್ಮ ರಾಜ್ಯದ ಒಂದು ಗಿಳಿಯೊಳಗಿದೆ. ಅದರ ಕತ್ತು ಮುರಿದರೆ ಅವನ ಕತ್ತೂ ಮುರಿಯಿತು," ಎಂದ ಶಕುನದವನು.

ರಾಜ ಚಂಡಕೇತು ಸಿಂಹಾಸನದಿಂದ ಜಿಗಿದೇಬಿಟ್ಟ. "ನಮ್ಮಜ್ಜಿಯೂ ಹಾಗೇ ಹೇಳ್ತಿದ್ದರು! ಮಾಂತ್ರಿಕ ಅಂದ ಮೇಲೆ ಪ್ರಾಣ ಗಿಳಿಯಲ್ಲೇ!"

ರಾಜನೊಬ್ಬನಿಗೇ ಅಲ್ಲ, ಆಲಗಿರಿಯ ಪ್ರತಿಯೊಬ್ಬನಿಗೂ ಅವನವನ ಅಜ್ಜಿ ಅದನ್ನೇ ಹೇಳಿದ್ದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ; ಹಾಗಾಯಿತು. ಯಾವ ಗಿಳಿ ಎಂದು ಕೇಳುವವರೇ ಇಲ್ಲ. ಎಲ್ಲ ಗಿಳಿಗಳನ್ನೂ ಹಿಡಿಯಿರಿ ಎಂದು ಡಂಗುರ ಸಾರಿಸಿದರು. ಯಾವ ಮರದಲ್ಲಿ ಗಿಳಿಯಿದೆ ಎಂದು ತೋರಿಸುವ ಕೆಲಸ ಮುದ್ದೀರಿಯ ಪಾಲಿಗೆ ಬಂತು.

ಅವಳು ಒಲ್ಲೆ ಎಂದಳೇ? ಇಲ್ಲ. ನಾನು ಸುಳ್ಳು ಹೇಳುವುದಿಲ್ಲ. ಅವಳೂ ಅದೇ ಕತೆ ಕೇಳಿ ಬೆಳೆದವಳು. ಅವ್ವ ಸಿಗುತ್ತಾಳೆಂದರೆ ರಾಜ್ಯದ ಗಿಳಿಗಳಷ್ಟೇ ಏಕೆ, ಆಕಾಶದ ನಕ್ಷತ್ರವನ್ನೂ ಹಿಡಿದು ಕೊಡುತ್ತೇನೆ ಎಂದು ಹೊರಟಳು. ಕಾಪಾಡಲೆಂದು ಕಲಿತ ವಿದ್ಯೆಯಿಂದಲೇ ಹಿಡಿದುಕೊಟ್ಟಳು. 'ಡಬ್' ಎಂದ ಮರವನ್ನು ತೋರಿಸುವಳು, ಸೈನಿಕರು ಬಲೆ ಬೀಸುವರು. ಮೊಟ್ಟೆ ಇಡುವ ಮೊದಲೇ ಜೋಡಿ ಜೋಡಿ ಪಂಜರ ಸೇರಿದವು. ಫಾಲ್ಗುಣ ಮುಗಿಯುತ್ತ ಬರುವಷ್ಟರಲ್ಲಿ ಅರಮನೆಯ ಅಂಗಳದಲ್ಲಿ ನಾಲ್ಕು ಸಾವಿರ ಗಿಳಿ. ಆಕಾಶದಲ್ಲಿ ಸದ್ದೇ ಇರಲಿಲ್ಲ. ಬೆಳಗಾದದ್ದು ತಿಳಿಯದೆ ಜನ ಹೊತ್ತೇರುವ ತನಕ ಮಲಗತೊಡಗಿದರು.

"ಇನ್ನು ಮೂರು ದಿನಕ್ಕೆ ಅಮಾವಾಸ್ಯೆ, ಅದರ ಮರುದಿನ ಯುಗಾದಿ. ಅಮಾವಾಸ್ಯೆಯ ಮಧ್ಯಾಹ್ನ ಎಲ್ಲವನ್ನೂ ಒಟ್ಟಿಗೆ ಮುಗಿಸೋಣ. ಒಂದೂ ಉಳಿಯಬಾರದು," ಎಂದ ರಾಜ.

ಉಳಿದಿದ್ದದ್ದು ಒಂದೇ ಮರ, ಅವ್ವ ಪಟ್ಟೆ ಬಳಿದ ಆ ಹೊನ್ನೆ ಮರ. ಮುದ್ದೀರಿ ಅದನ್ನು ಬೇಕೆಂದೇ ಕೊನೆಗಿಟ್ಟಿದ್ದಳು. ಒಬ್ಬಳೇ ಹೋಗಿ ಹತ್ತಿದಳು. ಪೊಟರೆಯೊಳಗೆ ಕೈ ಹಾಕಿದ್ದೇ ತಡ, ಬೆರಳಿಗೆ ಕಟುಕ್ ಎಂದು ಕಚ್ಚಿತು.

"ಅಯ್ಯಯ್ಯೋ!"

"ಅಯ್ಯಯ್ಯೋ ಅನ್ನಬೇಕಾದವಳು ನಾನು!" ಒಳಗಿನಿಂದ ಹೆಣ್ಣು ಗಿಳಿ ಕೊಕ್ಕು ಹೊರಗಿಟ್ಟು ಮಾತಾಡಿತು. "ನನ್ನ ಗಂಡನ್ನ ಹಿಡಿದುಕೊಂಡು ಹೋದಿರಿ. ಕಾವಿಗೆ ಕೂತವಳಿಗೆ ತುತ್ತು ತಂದುಕೊಡೋನು ಅವನು. ನಾಲ್ಕು ದಿನದಿಂದ ಉಪವಾಸ ಇದ್ದೀನಿ. ಈಗ ನನ್ನನ್ನೂ ಹಿಡಿಯೋಕೆ ಬಂದೆಯಾ, ನಾಚಿಕೆಗೆಟ್ಟವಳೇ?"

ಮುದ್ದೀರಿ ಮಡಿಲಿನಲ್ಲಿದ್ದ ಸೀಬೆಹಣ್ಣನ್ನು ಮುರಿದು ಮುಂದಿಟ್ಟಳು. ಗಿಳಿ ಬೈಯುತ್ತಲೇ ತಿಂದಿತು. ಅದರ ಹೊಟ್ಟೆಯ ಕೆಳಗೆ ಒಂದೇ ಒಂದು ಬಿಳಿಯ ಮೊಟ್ಟೆ ಇತ್ತು.

"ನಿಮ್ಮಲ್ಲಿ ಯಾರ ಒಳಗೋ ಮಾಂತ್ರಿಕನ ಪ್ರಾಣ ಇದೆಯಂತೆ. ಅದು ಹೋಗದೆ ನಮ್ಮವ್ವ ಬರಲ್ಲ," ಎಂದಳು ಮುದ್ದೀರಿ.

ಗಿಳಿ ತಿನ್ನುವುದನ್ನು ನಿಲ್ಲಿಸಿ ಅವಳ ಮುಖ ನೋಡಿತು. "ನಮ್ಮ ಹೊಟ್ಟೆಯೊಳಗೆ ನಮ್ಮ ಪ್ರಾಣಕ್ಕೇ ಜಾಗ ಸಾಲದು ತಾಯಿ. ಇನ್ನೊಬ್ಬರದ್ದನ್ನ ಎಲ್ಲಿಟ್ಟುಕೊಳ್ಳೋಣ? ಇಷ್ಟು ವರ್ಷ ನಮ್ಮನ್ನ ತಟ್ಟಿ ಕೇಳಿದ್ದೀಯಲ್ಲ, ಒಂದು ಸಲವಾದರೂ ಎರಡು ಜೀವದ ಸದ್ದು ಬಂತಾ?"

ಬಂದಿರಲಿಲ್ಲ. ನಾಲ್ಕು ಸಾವಿರ ಗಿಳಿಗಳನ್ನು ತಟ್ಟಿ ಹಿಡಿಸಿದವಳು ತಾನು, ಒಂದು ಸಲವೂ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ನನ್ನಿಂದ ತಪ್ಪಾಯಿತು ಎಂದು ಮುದ್ದೀರಿ ಆ ಹಕ್ಕಿಯ ಮುಂದೆ ಕೈಮುಗಿದಳು.

"ಕೈಮುಗಿದರೆ ನನ್ನ ಗಂಡ ಬರ್ತಾನಾ? ಹೋಗು. ಆ ಮಾಂತ್ರಿಕನ ಪ್ರಾಣ ಎಲ್ಲಿದೆ ಅಂತ ಅವನನ್ನೇ ತಟ್ಟಿ ನೋಡು," ಎಂದಿತು ಗಿಳಿ.

ಬೈಗುಳದಲ್ಲೂ ಬುದ್ಧಿ ಇರುತ್ತದೆ, ಹುಡುಕಿಕೊಳ್ಳಬೇಕಷ್ಟೆ. ಮುದ್ದೀರಿ ಉಳಿದ ಹಣ್ಣನ್ನೆಲ್ಲ ಪೊಟರೆಯ ಬಾಯಲ್ಲಿಟ್ಟು, ಕೊಡತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಪ್ಪುಬೆಟ್ಟದ ದಾರಿ ಹಿಡಿದಳು.

ಮೊದಲ ದಿನ ಒಂದು ಹೊಳೆ ಅಡ್ಡ ಬಂತು. ದಾಟುವುದಕ್ಕೆ ಸೇತುವೆಯಿಲ್ಲ. ದಡದಿಂದ ದಡಕ್ಕೆ ಹತ್ತು ಮರದ ದಿಮ್ಮಿಗಳು ಅಕ್ಕಪಕ್ಕ ಅಡ್ಡಬಿದ್ದಿದ್ದವು. ಹತ್ತರಲ್ಲಿ ಒಂಬತ್ತು ದಿಮ್ಮಿಗಳಲ್ಲ, ಮಾಂತ್ರಿಕ ಹೊಳೆಯಷ್ಟುದ್ದ ಎಳೆದಿಟ್ಟ ಮೊಸಳೆಗಳು. ತೊಗಟೆಯಂಥ ಬೆನ್ನು, ಪಾಚಿ ಹತ್ತಿದ ಮೈ. ನೋಡಿದರೆ ಗುರುತೇ ಸಿಗುವಂತಿರಲಿಲ್ಲ. ಮುದ್ದೀರಿ ನೋಡುವ ಗೋಜಿಗೇ ಹೋಗಲಿಲ್ಲ. ಕಣ್ಣುಮುಚ್ಚಿ ತಟ್ಟುತ್ತ ಹೋದಳು. ಡಬ್. ಡಬ್. ಡಬ್. ಏಳನೆಯದು 'ಟಕ್' ಎಂದಿತು. ಅದರ ಮೇಲೆ ದಾಟಿ ಆಚೆ ದಡದಲ್ಲಿ ನಿಂತಳು.

"ನಿದ್ದೆ ಮಾಡೋರನ್ನ ತಟ್ಟಿ ಎಬ್ಬಿಸೋದು ಎಂಥ ಸಂಸ್ಕೃತಿ!" ಎಂದು ಒಂದು ಮೊಸಳೆ ಆಕಳಿಸಿತು.

"ತಪ್ಪಾಯ್ತು, ಮಲಗಿಕೊಳ್ಳಪ್ಪ," ಎಂದು ಅವಳು ಮುಂದೆ ನಡೆದಳು.

ಎರಡನೆಯ ದಿನ ಬೆಟ್ಟದ ಬಾಗಿಲಲ್ಲಿ ಒಂದು ಹುಲಿ ಕೂತಿತ್ತು. ಎತ್ತಿನ ಗಾಡಿಯಷ್ಟು ದೊಡ್ಡದು, ಆದರೆ ಪಕ್ಕೆಲುಬು ಎಣಿಸಬಹುದಿತ್ತು.

"ಬಾ, ನಿನ್ನನ್ನ ತಿನ್ನುತ್ತೇನೆ. ನಿನ್ನೆ ಒಂದು ಕಾಡುಕೋಣ ತಿಂದೆ. ಮೊನ್ನೆ ಎರಡು. ಹಸಿವು ಹೋಗಲೇ ಇಲ್ಲ. ನಿನ್ನಿಂದಲೂ ಹೋಗಲ್ಲ, ಆದರೂ ತಿನ್ನುತ್ತೇನೆ," ಎಂದಿತು ಹುಲಿ.

ಮುದ್ದೀರಿಯ ಕೈ ಅಭ್ಯಾಸಬಲದಿಂದ ಕೊಡತಿಗೆ ಹೋಯಿತು. "ತಿನ್ನೋ ಮುಂಚೆ ಹೊಟ್ಟೆ ಸ್ವಲ್ಪ ತೋರಿಸ್ತೀಯಾ?"

ಹುಲಿಗೆ ಹಿಂದೆ ಯಾರೂ ಹಾಗೆ ಕೇಳಿರಲಿಲ್ಲ. ತಬ್ಬಿಬ್ಬಾಗಿ ಮಗ್ಗುಲಾಯಿತು. ಅವಳು ಮೆಲ್ಲಗೆ ಮೂರು ಸಲ ತಟ್ಟಿದಳು. ಬೋಂ. ಬೋಂ. ಬೋಂ.

"ಹುಲಿಯಣ್ಣ, ನಿನ್ನೊಳಗೆ ಏನೂ ಇಲ್ಲ. ಕಾಡುಕೋಣ ತಿಂದರೂ ಅಷ್ಟೇ, ಕಾಡೇ ತಿಂದರೂ ಅಷ್ಟೇ. ಯಾರೋ ನಿನ್ನ ಟೊಳ್ಳು ಮಾಡಿಟ್ಟಿದ್ದಾರೆ."

ಹುಲಿಯ ಕಣ್ಣಲ್ಲಿ ನೀರು ಬಂತು. "ಧೂಮಕರ್ಣ ನನ್ನ ಹಣೆ ಮುಟ್ಟಿದ ದಿನದಿಂದ ಹೀಗೆ. ತೃಪ್ತಿ ಅನ್ನೋದು ಹೇಗಿತ್ತು ಅನ್ನೋದೇ ಮರೆತಿದೆ."

"ಅವನು ಹೋದರೆ ನಿನ್ನ ಹೊಟ್ಟೆ ನಿನಗೆ ಸಿಗುತ್ತೆ. ನನ್ನ ಬಿಡು. ಕೂಗಿದಾಗ ಬಾ," ಎಂದಳು ಮುದ್ದೀರಿ. ಹುಲಿ ದಾರಿ ಬಿಟ್ಟಿತು.

ಅಮಾವಾಸ್ಯೆಯ ಬೆಳಗ್ಗೆ ಅವಳು ಕೋಟೆಯ ಅಂಗಳಕ್ಕೆ ಕಾಲಿಟ್ಟಳು. ಅರವತ್ತು ಬೋಳು ಮರಗಳು ಸಾಲಾಗಿ ನಿಂತಿದ್ದವು. ಎಲ್ಲ ಒಂದೇ ಎತ್ತರ, ಒಂದೇ ಬೂದಿ ಬಣ್ಣ. ಕೊಂಬೆಗಳ ತುದಿಯಲ್ಲಿ ಆಗಲೇ ಮೊಗ್ಗು ಊದಿಕೊಂಡಿತ್ತು. ಜಗಲಿಯ ಮೇಲೆ ಧೂಮಕರ್ಣ ಕಾಲು ಚಾಚಿ ಕೂತಿದ್ದ. ಅವನ ತಲೆಯ ಮೇಲೆ ಒಂದು ಹಿತ್ತಾಳೆಯ ಪಂಜರ ತೂಗುತ್ತಿತ್ತು. ಒಂದು ಕಡ್ಡಿ ಮುರಿದದ್ದು. ಒಳಗಿದ್ದ ಗಿಳಿ ಮರದ್ದು, ಬಣ್ಣ ಬಳಿದದ್ದು.

ಓಹೋ, ಶಕುನದವನು ನೀನೇನಾ ಎಂದು ಮುದ್ದೀರಿ ಮನಸ್ಸಿನಲ್ಲೇ ಅಂದುಕೊಂಡಳು. ತನ್ನ ಪ್ರಾಣ ಗಿಳಿಯಲ್ಲಿದೆ ಎಂದು ತಾನೇ ಬಂದು ಹೇಳಿಹೋಗುವವನ ಪ್ರಾಣ ಗಿಳಿಯಲ್ಲಿ ಇರುವುದುಂಟೇ?

"ಅಮ್ಮನ್ನ ಹುಡುಕಿಕೊಂಡು ಬಂದೆಯಾ? ಆಗಲಿ, ನಾನೂ ಆಟ ಪ್ರಿಯ. ಮೂರು ಪೆಟ್ಟಿನಲ್ಲಿ ನಿನ್ನ ಅಮ್ಮ ಯಾವುದು ಹೇಳು, ಬಿಟ್ಟುಬಿಡುತ್ತೇನೆ. ಹೇಳದಿದ್ದರೆ ನೀನು ಅರವತ್ತೊಂದನೆಯದು," ಎಂದ ಮಾಂತ್ರಿಕ.

ಅರವತ್ತು ಮರ, ಮೂರು ಪೆಟ್ಟು. ಹತ್ತಿರದ ಮರಕ್ಕೆ ಒಂದು ಕೊಟ್ಟಳು. 'ಡಬ್.' ಒಳಗೆ ಜೀವವಿದೆ. ಇರದೆ ಏನು, ಎಲ್ಲದರಲ್ಲೂ ಇದೆ. ಒಂದು ಪೆಟ್ಟು ದಂಡವಾಯಿತು. ಇನ್ನುಳಿದದ್ದು ಎರಡು. ಎರಡು ಎಂದದ್ದೇ ಅವಳಿಗೆ ನೆನಪಾಯಿತು. ಅವಳು ಯಾವ ಮರದ ಬಳಿಗೂ ಹೋಗಲಿಲ್ಲ. ಅಂಗಳದ ನಡುವೆ ಮೊಣಕಾಲೂರಿ, ಬೇರುಗಳೆಲ್ಲ ಹೆಣೆದುಕೊಂಡಿದ್ದ ನೆಲಕ್ಕೆ ಮೆಲ್ಲಗೆ ಎರಡು ಸಲ ತಟ್ಟಿದಳು.

ಇದ್ದೀನಿ, ಹೆದರಬೇಡ.

ಅಂಗಳದಲ್ಲಿ ಗಾಳಿಯೂ ಅಲುಗಲಿಲ್ಲ. ಆಮೇಲೆ, ಗೋಡೆಯ ಪಕ್ಕದ ಒಂದು ಮರದ ಒಳಗಿನಿಂದ, ಬಹಳ ದೂರದಿಂದ ಬಂದ ಹಾಗೆ, ಟಕ್ ಟಕ್ ಎಂದು ಎರಡು ಪೆಟ್ಟು ಕೇಳಿಸಿತು.

ಮುದ್ದೀರಿ ಓಡಿಹೋಗಿ ಆ ಮರವನ್ನು ತಬ್ಬಿಕೊಂಡಳು. "ಇದೇ! ಇದೇ ನಮ್ಮವ್ವ!" ಕಣ್ಣೀರು ತೊಗಟೆಯ ಮೇಲೆ ಇಳಿಯಿತು.

ಧೂಮಕರ್ಣನ ಮುಖ ಕಪ್ಪಿಟ್ಟಿತು. "ಮಾತು ಕೊಟ್ಟವನೂ ನಾನೇ, ಮುರಿಯುವವನೂ ನಾನೇ! ಧೂಮಕರ್ಣನನ್ನು ಯಾರು ಕೇಳುವವರು?" ಎಂದು ಅಬ್ಬರಿಸಿ ಎದೆ ಗುದ್ದಿಕೊಂಡ.

ಬೋಂ.

ಅಂಗಳವೆಲ್ಲ ಮೊಳಗಿತು. ಇನ್ನು ಯಾರಿಗೇ ಆಗಲಿ ಅದು ಬರೀ ಗುದ್ದಿನ ಸದ್ದು. ಮುದ್ದೀರಿಗೆ ಅದು ಹನ್ನೊಂದು ವರ್ಷದಿಂದ ಕೇಳಿದ ಸದ್ದು. ಅದೇ ಆಳ, ಅದೇ ತಣ್ಣನೆಯ ಗುಂಯ್‌ಗುಡುವಿಕೆ. ಅರಮನೆಯ ಹಿಂದಿನ ಇಪ್ಪೆ ಮರದ ಪೊಟರೆ! ಇವನು ಪ್ರಾಣವನ್ನು ಯಾವ ಹಕ್ಕಿಯೊಳಗೂ ಇಟ್ಟಿರಲಿಲ್ಲ. ಆ ಪೊಟರೆಯ ಖಾಲಿತನವೇ ಇವನ ಪ್ರಾಣ. ಗಿಳಿ ಹೊಕ್ಕು ಮರಿ ಮಾಡಿದರೆ ಪೊಟರೆ ತುಂಬುತ್ತದೆ. ತುಂಬಿದರೆ ಇವನು ಸಾಯುತ್ತಾನೆ. ಅದಕ್ಕೇ ರಾಜ್ಯದಲ್ಲಿ ಗಿಳಿಯೇ ಇರಬಾರದು ಎಂದು ಹೂಡಿದ ಆಟ ಇದು. ದೀಪದ ಬುಡದಲ್ಲೇ ಕತ್ತಲೆ ನೋಡಿ, ರಾಜನ ಹಿತ್ತಲಲ್ಲೇ ಮಾಂತ್ರಿಕನ ಪ್ರಾಣದ ಗಂಟು!

ಮಾಂತ್ರಿಕ ಬೆರಳೆತ್ತಿದ. ಮುದ್ದೀರಿ "ಹುಲಿಯಣ್ಣಾ!" ಎಂದು ಕೂಗಿ ಅವ್ವನ ಕೊಂಬೆಗೆ ಹಾರಿ ಜೋತುಬಿದ್ದಳು. ಪಾದ ನೆಲದ ಮೇಲಿರಲಿಲ್ಲ. ಮಂತ್ರ ಪುಸ್ ಎಂದಿತು. ಹುಲಿ ಗೋಡೆ ನೆಗೆದು ಬಂದು ಅವಳನ್ನು ಬೆನ್ನ ಮೇಲೆ ಹಾಕಿಕೊಂಡು ಓಡಿತು. ಎರಡು ದಿನದ ದಾರಿಯನ್ನು ಒಂದು ಹೊತ್ತಿನಲ್ಲಿ ಓಡಿತು. ದಾರಿಯಲ್ಲಿ ಹೊನ್ನೆ ಮರದ ಕೆಳಗೆ ಮಾತ್ರ ನಿಂತಿತು.

"ಗಿಳಿಯಮ್ಮ, ಅವನ ಪ್ರಾಣ ಎಲ್ಲಿದೆ ಅಂತ ಗೊತ್ತಾಯ್ತು. ಇಪ್ಪೆ ಮರದ ಪೊಟರೆಯಲ್ಲಿ ಮರಿ ಒಡೆಯಬೇಕು. ಇಡೀ ರಾಜ್ಯದಲ್ಲಿ ಇರೋದು ನಿನ್ನ ಮೊಟ್ಟೆ ಒಂದೇ. ಕೊಡು ಅಂತ ಕೇಳೋ ಮುಖ ನನಗಿಲ್ಲ. ಆದರೂ ಕೇಳ್ತಿದ್ದೀನಿ," ಎಂದಳು ಮುದ್ದೀರಿ.

ಗಿಳಿ ಮೊಟ್ಟೆಯನ್ನೂ ಅವಳನ್ನೂ ನೋಡಿತು. "ನನ್ನ ಗಂಡ ಸಿಗ್ತಾನಾ?"

"ಮೊದಲು ಅವನ ಪಂಜರ ತೆಗೆಸ್ತೀನಿ."

"ಮೊಟ್ಟೆ ಒಡೆಯೋ ಹೊತ್ತಾಗಿದೆ, ಅಲುಗಾಡಿಸಬೇಡ. ಆ ಮನೆ ನನಗೆ ಹಿಡಿಸಲ್ಲ, ಈಗಲೇ ಹೇಳಿದ್ದೀನಿ," ಎಂದು ಬೈದುಕೊಂಡೇ ಗಿಳಿ ಹೊರಟಿತು. ಮುದ್ದೀರಿ ಬೆಚ್ಚಗಿನ ಮೊಟ್ಟೆಯನ್ನು ತನ್ನ ತುರುಬಿನೊಳಗೆ ಹುದುಗಿಸಿಕೊಂಡಳು.

ಅರಮನೆಯ ಅಂಗಳದಲ್ಲಿ ಮಧ್ಯಾಹ್ನದ ನಗಾರಿಗೆ ಕೈ ಎತ್ತಿದ್ದರು. ಸೈನಿಕರು ಪಂಜರಗಳ ಮುಂದೆ ಸಾಲುಗಟ್ಟಿದ್ದರು. ಹುಲಿ ಬಂದದ್ದು ಕಂಡು ಅರ್ಧ ಸೈನ್ಯ ಗೋಡೆ ಹತ್ತಿತು. ರಾಜ ಮಾತ್ರ ಕತ್ತಿ ಹಿಡಿದು ನಿಂತ. ಮಾತು ಬೇಗ ನಂಬುವವನೇ ಹೊರತು ಹೇಡಿಯಲ್ಲ.

"ನಿಲ್ಲಿಸಿ ಸ್ವಾಮಿ! ಅವನ ಪ್ರಾಣ ಗಿಳಿಯಲ್ಲಿಲ್ಲ. ನಿಮ್ಮ ಹಿತ್ತಲ ಖಾಲಿ ಪೊಟರೆಯಲ್ಲಿದೆ. ಶಕುನದವನು ಅವನೇ," ಎಂದು ಮುದ್ದೀರಿ ಕೂಗಿದಳು.

"ಆದರೆ ನಮ್ಮಜ್ಜಿ ಹೇಳಿದ್ದು..."

"ನಿಮ್ಮಜ್ಜಿ ಹೇಳಿದ್ದು ನಿಮ್ಮನ್ನ ಮಲಗಿಸೋಕೆ ಸ್ವಾಮಿ! ಈಗ ಎದ್ದಿದ್ದೀರಲ್ಲ, ತಟ್ಟಿ ಕೇಳಿ!"

ಅಷ್ಟರಲ್ಲಿ ಕಪ್ಪುಬೆಟ್ಟದ ದಿಕ್ಕಿನಲ್ಲಿ ಹೊಗೆ ಎದ್ದಿತು. ರಾಜ ಅದನ್ನು ನೋಡಿದ, ಅವಳನ್ನು ನೋಡಿದ. ತಾನೇ ಮೊದಲ ಪಂಜರದ ಬಾಗಿಲು ಕಿತ್ತ. "ಎಲ್ಲ ಬಿಡಿರೋ!" ಎಂದು ಗರ್ಜಿಸಿದ. ನಾಲ್ಕು ಸಾವಿರ ಗಿಳಿಗಳು ಒಟ್ಟಿಗೆ ಮೇಲೆದ್ದವು. ತಿಂಗಳಿನಿಂದ ಸದ್ದಿಲ್ಲದೆ ಬಿದ್ದಿದ್ದ ಆಕಾಶ ಕಿವಿಗಡಚಿಕ್ಕುವಂತೆ ಕಿರುಚಿತು. ಅದರಲ್ಲಿ ಒಂದು ಗಂಡು ಗಿಳಿ, ಕೊರಳಲ್ಲಿ ಗುಲಾಬಿ ಪಟ್ಟಿಯದು, ನೇರವಾಗಿ ಇಪ್ಪೆ ಮರಕ್ಕೆ ಹಾರಿತು.

ಮುದ್ದೀರಿ ಆಗಲೇ ಮರದ ನೆತ್ತಿಯಲ್ಲಿದ್ದಳು. ಪೊಟರೆಯ ಬಾಯಿಂದ ಮಂಜುಗಡ್ಡೆಯಂಥ ಗಾಳಿ ಬರುತ್ತಿತ್ತು. ತುರುಬು ಬಿಚ್ಚಿ ಮೊಟ್ಟೆಯನ್ನು ಒಳಗಿಟ್ಟಳು. ಹೆಣ್ಣು ಗಿಳಿ ಬಾಗಿಲಲ್ಲಿ ನಿಂತು ಗಡಗಡ ನಡುಗಿತು. ಗಂಡು ಬಂದು ಪಕ್ಕದಲ್ಲಿ ಕೂತು, ಬಾಯಲ್ಲಿದ್ದ ಒಂದು ಕಾಳನ್ನು ಅದರ ಕೊಕ್ಕಿಗಿಟ್ಟಿತು. ಹೆಣ್ಣು ನುಂಗಿತು, ರೆಕ್ಕೆ ಮಡಚಿತು, ಒಳಗೆ ಹೊಕ್ಕು ಮೊಟ್ಟೆಯ ಮೇಲೆ ಕೂತಿತು.

ಹೊಗೆಯಾಗಿ ಬಂದ ಧೂಮಕರ್ಣ ಮರದ ಬುಡವನ್ನು ಸುತ್ತಿದ. ನೆಲ ಬಿಟ್ಟವಳ ಮೇಲೆ ಮಂತ್ರ ನಡೆಯದು ಎಂದು ಧೂಮಕರ್ಣನಿಗೆ ಗೊತ್ತಿತ್ತು. ಅವನು ಉಡವಾದ. ಹೆಬ್ಬಾವಿನಷ್ಟು ಉದ್ದದ, ಸೀಳು ನಾಲಿಗೆಯ ಉಡ. ಸರಸರ ಹತ್ತಿ ಬಂದ. ಗಿಳಿಗಳು ಹಿಂಡು ಹಿಂಡಾಗಿ ಮುತ್ತಿ ಕುಕ್ಕಿದವು. ಹುಲಿ ಬಾಲ ಹಿಡಿದು ಜಗ್ಗಿತು. ಉಡದ ಹಿಡಿತ ಬಿಡುವುದುಂಟೇ? ಪೊಟರೆಯ ಮುಂದೆ ಬಂದು ಬಾಯಿ ತೆರೆದ. ಮುದ್ದೀರಿ ಪೊಟರೆಗೆ ಬೆನ್ನು ಕೊಟ್ಟು ಅಡ್ಡ ನಿಂತು, ಎರಡು ಕೈಯಲ್ಲಿ ಕೊಡತಿ ಎತ್ತಿ ಅವನ ಎದೆಗೆ ಹೊಡೆದಳು.

ಬೋಂ.

ಅವನು ನಕ್ಕ. "ಹೊಡಿ! ಖಾಲಿಯನ್ನ ಯಾರೂ ಒಡೆಯಲಾರರು!" ಅವನ ಹಲ್ಲು ಅವಳ ತೋಳಿಗೆ ನಾಟಿತು. ರಕ್ತ ಹರಿಯಿತು. ಅವಳು ಜಾಗ ಬಿಡಲಿಲ್ಲ. ಎರಡನೆಯ ಸಲ ಹೊಡೆದಳು.

ಬೋಂ.

ಆಗ ಅವಳ ಬೆನ್ನ ಹಿಂದೆ, ಪೊಟರೆಯೊಳಗೆ, ಯಾರೋ ತಟ್ಟಿದರು. ಟಿಕ್. ಟಿಕ್. ಟಿಕ್. ಮೂರು ಸಲ. ಯಾರಿರಬಹುದು ಹೇಳಿ? ಹುಟ್ಟುವ ಮೊದಲೇ ತಟ್ಟುವ ವಿದ್ಯೆ ಕಲಿತವರು ಇನ್ಯಾರು? ಚಿಪ್ಪು ಬಿರಿಯಿತು. 'ಚೀಂ' ಎಂದು ಒಂದು ಎಳೆಯ ಕೂಗು ಕೇಳಿತು.

ಮುದ್ದೀರಿ ಮೂರನೆಯ ಸಲ ಹೊಡೆದಳು.

ಡಬ್.

ಧೂಮಕರ್ಣ ತನ್ನ ಎದೆಯನ್ನೇ ಬಗ್ಗಿ ನೋಡಿಕೊಂಡ. ಹನ್ನೊಂದು ವರ್ಷದ ಮೇಲೆ ಅವನೊಳಗೆ ಏನೋ ಮಿಸುಕಿತ್ತು. "ಇದೇನಿದು, ಬೆಚ್ಚಗೆ..." ಎಂದ. ಅಷ್ಟೇ. ತಲೆಯಿಂದ ಬಾಲದ ತನಕ ಬಿರುಕುಬಿಟ್ಟು, ಪುರುಪುರು ಮರದ ಹುಡಿಯಾಗಿ ಉದುರಿದ. ಒಂದು ಹಿಡಿ ಹುಡಿ ಗಾಳಿಗೆ ತೂರಿ ಪೊಟರೆಯೊಳಗೂ ಬಿತ್ತು. ಹೆಣ್ಣು ಗಿಳಿ ಅದನ್ನು ಕಾಲಿನಿಂದ ಹರಡಿ, ಸರಿಮಾಡಿ, ಮರಿಗೆ ಹಾಸಿಗೆ ಮಾಡಿತು.

ಕೆಳಗೆ ಜನ ಹೋ ಎಂದು ಕುಣಿದರು. ನಗಾರಿ ಬಾರಿಸಿದರು. ರಾಜ ಕಿರೀಟವನ್ನು ಮೇಲಕ್ಕೆಸೆದ. ಅದು ಕೊಂಬೆಗೆ ಸಿಕ್ಕಿಕೊಂಡಿತು. ಹುಲಿ ಮಾತ್ರ ಬೆಟ್ಟದ ಕಡೆಗೆ ಓಟ ಕಿತ್ತಿತು. ಮುದ್ದೀರಿ ಇಳಿಯಲಿಲ್ಲ. ಅವ್ವ ಚಿಗುರಿಬಿಟ್ಟಿದ್ದರೆ? ಹೊತ್ತು ಮೀರಿದ್ದರೆ? ಕೆಳಗಿಳಿದು ಆ ಮಾತು ಕೇಳುವ ಧೈರ್ಯ ಅವಳಿಗಿರಲಿಲ್ಲ. ಎಲೆ ಮರೆಯಲ್ಲಿ, ಗಾಯದ ತೋಳಿಗೆ ಸೆರಗು ಸುತ್ತಿಕೊಂಡು, ಕಣ್ಣುಮುಚ್ಚಿ ಕೂತಳು.

ಗಿಳಿಗಳು ಮರಕ್ಕೆ ಮರಳುವ ಹೊತ್ತಾಯಿತು. ಮರದ ಬುಡದಲ್ಲಿ ಯಾರೋ ಮೆಲ್ಲಗೆ ತಟ್ಟಿದರು.

ಟಕ್. ಟಕ್.

ಅವಳು ಇಳಿದಳೋ ಬಿದ್ದಳೋ ಅವಳಿಗೇ ಗೊತ್ತಿಲ್ಲ. ಬುಡದಲ್ಲಿ ಹುಲಿ ನಿಂತಿತ್ತು, ಹುಲಿಯ ಪಕ್ಕದಲ್ಲಿ ಹೊಂಬಾಳಮ್ಮ. ಅವಳ ತಲೆಗೂದಲಿನಲ್ಲಿ ಒಂದೇ ಒಂದು ಎಳೆಯ ಚಿಗುರು ಆಗಲೇ ಕಣ್ಣು ಬಿಟ್ಟಿತ್ತು. ಇನ್ನೊಂದು ಗಳಿಗೆ ತಡವಾಗಿದ್ದರೆ ಮುಗಿಯುತ್ತಿತ್ತು. ಮಗಳು ಅವಳ ಕೊರಳು ತಬ್ಬಿ ಗೊಳೋ ಎಂದು ಅತ್ತಳು. ತಾಯಿಯೂ ಅತ್ತಳು. ಅತ್ತು ಮುಗಿಸಿ ಮೂಗು ಒರೆಸಿಕೊಂಡು, "ನನ್ನ ಸುಣ್ಣದ ಕುಡಿಕೆ ಎಲ್ಲೇ? ಈ ಮರಕ್ಕೆ ಪಟ್ಟೆ ಬಳಿಯೋರು ಯಾರು?" ಎಂದಳು.

ಉಳಿದ ಐವತ್ತೊಂಬತ್ತು ಮಂದಿಯೂ ಎರಡು ದಿನ ನಡೆದು ತಂತಮ್ಮ ಮನೆ ಸೇರಿ, ತಡವಾಗಿಯಾದರೂ ಯುಗಾದಿಯ ಬೇವು ಬೆಲ್ಲ ತಿಂದರು. ಹುಲಿಗೆ ರಾಜ ಏಳು ಕೊಪ್ಪರಿಗೆ ಮೊಸರನ್ನ ಮಾಡಿಸಿದ. ಅದು ಮೂರಕ್ಕೇ ಸಾಕು ಎಂದು ಮಗ್ಗುಲಾಯಿತು. ಮುದ್ದೀರಿ ಅದರ ಹೊಟ್ಟೆ ತಟ್ಟಿದರೆ 'ಡಬ್'. ಕಿರೀಟ ಸಿಕ್ಕಿಕೊಂಡ ಕೊಂಬೆಯಲ್ಲಿ ಗಿಳಿಗಳು ಕೂತು ಅದರ ಮುತ್ತುಗಳನ್ನೆಲ್ಲ ಕಾಳೆಂದು ಕಚ್ಚಿ ನೋಡಿದವು. ರಾಜ ಇಳಿಸಿಕೊಡಿ ಎಂದು ಕೇಳಿದ. "ಮರಿ ಹಾರಲಿ ಸ್ವಾಮಿ, ಆಮೇಲೆ ನೋಡೋಣ," ಎಂದಳು ಹೊಂಬಾಳಮ್ಮ. ರಾಜ ಮುಂಡಾಸು ಸುತ್ತಿಕೊಂಡು ರಾಜ್ಯವಾಳಿದ, ಮೊದಲಿಗಿಂತ ಚೆನ್ನಾಗಿಯೇ ಆಳಿದ.

ಆಮೇಲೆ ಆಲಗಿರಿಯ ಎಲ್ಲ ಪೊಟರೆಗಳೂ ತುಂಬಿದವು, ಎಲ್ಲ ಹೊಟ್ಟೆಗಳೂ ತುಂಬಿದವು, ಎಲ್ಲರೂ ಸುಖವಾಗಿದ್ದರು. ನೀವೂ ಎಂದಾದರೂ ಕೊಡಲಿ ಹಿಡಿದು ಮರದ ಮುಂದೆ ನಿಂತರೆ, ಮೊದಲು ಮೂರು ಸಲ ತಟ್ಟಿ. ಮೇಲಿನಿಂದ ಕೆಂಪು ಕೊಕ್ಕಿನವಳೊಬ್ಬಳು ತಲೆ ಹೊರಗಿಟ್ಟು ಬಾಯಿಗೆ ಬಂದಂತೆ ಬೈದರೆ, ಎದುರು ಮಾತಾಡದೆ ಕೊಡಲಿ ಹೆಗಲಿಗೇರಿಸಿ ಮನೆಗೆ ಹೋಗಿ.